ರಸ್ತೆಯ ಎಡ ಅಂಚು

ಅಕ್ಕನ ಮಗಳಿಗೆ ನಂಜನಗೂಡಿನ ಬ್ಯಾಂಕೊಂದರಲ್ಲಿ ಕೆಲಸ ಸಿಕ್ಕಿದೆ. ಮನೆ ಮೈಸೂರಿನ ಕುವೆಂಪುನಗರದಲ್ಲಿ, ನಮ್ಮ ಮನೆಯಿಂದ ಎರಡು ಬೀದಿ ಆಚೆ. ಭಾನುವಾರ ಮಧ್ಯಾಹ್ನ ಸ್ಕೂಟರ್ ಶೋರೂಮಿನವರು ಕೊಟ್ಟ ಬಣ್ಣದ ಹಾಳೆ ಹಿಡಿದು ಬಂದಳು. ಯಾವ ಬಣ್ಣ ಒಪ್ಪುತ್ತೆ ಅಂತ ಕೇಳೋದಷ್ಟೇ ಅವಳ ಮನಸ್ಸಿನಲ್ಲಿದ್ದದ್ದು. ನಾನು ಇಪ್ಪತ್ತಾರು ವರ್ಷ ಸ್ಕೂಟರ್ ಓಡಿಸಿದವಳು, ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವಳು. ಮಾತು ದೀಪ ಹಚ್ಚುವ ಹೊತ್ತಿನವರೆಗೂ ಎಳೆಯಿತು.

ಅವಳು: ಚಿಕ್ಕಮ್ಮ, ನೀಲಿ ತಗೊಳ್ಳಲಾ, ಈ ಕಂದು ತಗೊಳ್ಳಲಾ? ಕಂದು ಬಣ್ಣದ ಮೇಲೆ ಧೂಳು ಕಾಣಲ್ಲ ಅಂತ ಅಮ್ಮ ಹೇಳ್ತಿದ್ದಳು.

ನಾನು: ಬಣ್ಣ ಆಮೇಲೆ. ದಿನಾ ಎಷ್ಟು ದೂರ ಓಡಿಸ್ತೀಯ, ಅದು ಹೇಳು.

ಅವಳು: ಹೋಗೋಕೆ 23 ಕಿಲೋಮೀಟರ್, ಬರೋಕೆ 23.

ನಾನು: 46. ಎರಡನೇ, ನಾಲ್ಕನೇ ಶನಿವಾರ ರಜ. ತಿಂಗಳಿಗೆ 24 ದಿನ ಅಂತ ಇಟ್ಕೋ. 1,104 ಕಿಲೋಮೀಟರ್ ಆಯ್ತು. ವರ್ಷಕ್ಕೆ 13 ಸಾವಿರದ ಮೇಲೆ. ಗಾಡಿ ಲೀಟರಿಗೆ 45 ಕೊಟ್ಟರೆ ತಿಂಗಳಿಗೆ ಇಪ್ಪತ್ತನಾಲ್ಕೂವರೆ ಲೀಟರ್ ಪೆಟ್ರೋಲ್. ಲೀಟರಿಗೆ 103 ರೂಪಾಯಿ ಹಿಡಿದರೂ ಎರಡೂವರೆ ಸಾವಿರ. ಸ್ಕೂಟರ್ ಟ್ಯಾಂಕಿಗೆ ಐದು ಲೀಟರ್ ಹಿಡಿಯೋದೇ ಹೆಚ್ಚು. ಅಂದರೆ ತಿಂಗಳಿಗೆ ಐದಾರು ಸಲ ಬಂಕಿನ ಮುಂದೆ ಸಾಲಿನಲ್ಲಿ ನಿಲ್ಲಬೇಕು.

ಅವಳು: ಸಂಬಳದಲ್ಲಿ ಎರಡೂವರೆ ಸಾವಿರ ಕಳೆದರೆ ಏನೂ ಆಗಲ್ಲ. ಮೇಲಾಗಿ ಈಗ ಗಾಡಿ ಅಗ್ಗ ಆಗಿದೆ. 2025ರ ಸೆಪ್ಟೆಂಬರ್‌ನಿಂದ ಜಿಎಸ್‌ಟಿ 28ರಿಂದ 18ಕ್ಕೆ ಇಳೀತು.

ನಾನು: ಇಳೀತು, ನಿಜ. ಆದರೆ ಈ ಹಾಳೆಯಲ್ಲಿರೋದು ಶೋರೂಮ್ ಬೆಲೆ. ಅದರ ಮೇಲೆ ಜೀವಾವಧಿ ತೆರಿಗೆ, ನೋಂದಣಿ, ವಿಮೆ, ಹೆಲ್ಮೆಟ್ಟು, ಸೀಟ್ ಕವರು. ವಿಮೆ ವಿಷಯ ಸ್ವಲ್ಪ ಗಮನ ಇಟ್ಟು ಕೇಳು. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಕಟ್ಟಿಸ್ಕೋತಾರೆ. ಐದು ವರ್ಷ ವಿಮೆ ಇದೆ ಅಂತ ಜನ ನಿಶ್ಚಿಂತೆಯಾಗಿ ಇದ್ದುಬಿಡ್ತಾರೆ. ಅದು ನಿನ್ನ ಗಾಡಿಯಿಂದ ಬೇರೆಯವರಿಗೆ ಆದ ಹಾನಿಗೆ ಮಾತ್ರ. ನಿನ್ನ ಗಾಡಿ ಕಳುವಾದರೆ, ಜಖಂ ಆದರೆ ದುಡ್ಡು ಕೊಡೋ ವಿಮೆ ಬೇರೆ. ಅದು ಸಾಮಾನ್ಯವಾಗಿ ಒಂದೇ ವರ್ಷದ್ದಿರುತ್ತೆ, ವರ್ಷ ವರ್ಷ ನಾವೇ ನೆನಪಿಟ್ಟುಕೊಂಡು ಕಟ್ಟಬೇಕು. ನಮ್ಮ ಶಾಲೆಯ ಒಬ್ಬ ಮೇಷ್ಟ್ರ ಗಾಡಿ ಮೂರನೇ ವರ್ಷ ಮದುವೆ ಛತ್ರದ ಮುಂದಿನಿಂದ ಹೋಯಿತು. ಪಾಲಿಸಿ ಕಾಗದ ಕೈಯಲ್ಲೇ ಇತ್ತು, ದಿನಾಂಕವೂ ಮುಗಿದಿರಲಿಲ್ಲ. ಬಂದದ್ದು ಸೊನ್ನೆ. ಸಾಲದ ಕಂತು ಮಾತ್ರ ಇನ್ನೂ ಹದಿನಾಲ್ಕು ತಿಂಗಳು ಕಟ್ಟಿದರು.

ಅವಳು: ಅದನ್ನ ಬರೆದಿಟ್ಕೋತೀನಿ. ಬ್ಯಾಂಕಿನಲ್ಲಿ ಕೂರೋಳಿಗೇ ಗೊತ್ತಿರಲಿಲ್ಲ.

ನಾನು: ದುಡ್ಡಿನ ಮಾತು ಇಲ್ಲಿಗೆ ಸಾಕು. ದುಡ್ಡಿಗಾಗಿ ನಾನು ಬೇಡ ಅಂತಿಲ್ಲ.

ಅವಳು: ಮತ್ತೆ ಬೇಡ ಅಂತೀಯಾ? ಇಪ್ಪತ್ತಾರು ವರ್ಷ ನೀನೇ ಓಡಿಸಿದೆ. ನಮ್ಮ ಕಡೆ ಹೆಂಗಸರಲ್ಲಿ ಮೊದಲು ಗಾಡಿ ಹತ್ತಿದವಳು ನೀನು ಅಂತ ಅಮ್ಮ ಎಲ್ಲರ ಹತ್ರ ಹೇಳ್ಕೋತಾಳೆ.

ನಾನು: 1998ರಲ್ಲಿ. ಯಾರನ್ನೂ ಕೇಳದೆ ಮನೆಯಿಂದ ಹೊರಡಬಹುದು ಅನ್ನೋದು ಆಗ ನನಗೆ ಎಷ್ಟು ದೊಡ್ಡದಾಗಿತ್ತು ಅಂದರೆ, ಮೊದಲನೇ ವಾರ ಕೆಲಸ ಇಲ್ಲದಿದ್ದರೂ ಚಾಮುಂಡಿ ಬೆಟ್ಟದ ಬುಡದ ತನಕ ಹೋಗಿ ಬರ್ತಿದ್ದೆ. ಅದನ್ನ ನಾನು ಯಾವತ್ತೂ ಸಣ್ಣದು ಮಾಡಿ ಮಾತಾಡಲ್ಲ. ಆಗ ನನ್ನ ಶಾಲೆ ಮೂರು ಕಿಲೋಮೀಟರ್ ದೂರ. ನಡುವೆ ಎರಡು ಸರ್ಕಲ್, ಗಾಡಿಗಳು ಮೂವತ್ತು ದಾಟ್ತಿರಲಿಲ್ಲ. ಆ ಎಂಟು ವರ್ಷ ಸ್ಕೂಟರಿನಂಥ ಸುಖದ ಗಾಡಿ ಇನ್ನೊಂದಿಲ್ಲ ಅನ್ನಿಸಿತ್ತು. 2006ರಲ್ಲಿ ವರುಣಾ ಕಡೆಯ ಹಳ್ಳಿ ಶಾಲೆಗೆ ವರ್ಗ ಆಯ್ತು, ಹದಿನಾರು ಕಿಲೋಮೀಟರ್. ಶಾಲೆಯ ಗೇಟಿನ ಮುಂದೆಯೇ ಬಸ್ಸು ನಿಲ್ತಿತ್ತು. ಗಾಡಿ ಇದೆಯಲ್ಲ ಅಂದ್ಕೊಂಡು ಅದರ ಮೇಲೇ ಹೊರಟೆ. ಆ ಬಸ್ಸು ಎಷ್ಟು ಗಂಟೆಗೆ ಬರುತ್ತೆ ಅಂತ ಕೂಡ ವಿಚಾರಿಸಲಿಲ್ಲ ಕಣೇ. ಸ್ಕೂಟರಿನ ಕಷ್ಟ ಏನು ಅಂತ ನನಗೆ ಗೊತ್ತಾಗಿದ್ದು ಅಲ್ಲಿಂದ.

ಅವಳು: ಏನಾಯ್ತು?

ನಾನು: ಚಕ್ರ ಮೊದಲು. ಆ ಎರಡು ಪುಸ್ತಕ ಕೊಡಿಲ್ಲಿ.

ಪುಸ್ತಕ ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ನಡುವೆ ಬೆರಳಗಲ ಸಂದು ಬಿಟ್ಟೆ. ಕಾಫಿ ಲೋಟವನ್ನು ಅಡ್ಡ ಮಲಗಿಸಿ ಉರುಳಿಸಿದರೆ ಅದು ಸಂದಿನ ಮೇಲೆ ಟಕ್ ಅಂತ ಒಂದು ಸಲ ಕುಲುಕಿ ಆಚೆ ಪುಸ್ತಕಕ್ಕೆ ಹೋಯಿತು. ಆಮೇಲೆ ಒಂದು ರೂಪಾಯಿ ನಾಣ್ಯ ಉರುಳಿಸಿದೆ. ಸಂದಿನೊಳಗೆ ಇಳಿದು ಅಲ್ಲೇ ಸಿಕ್ಕಿಕೊಂಡು ನಿಂತಿತು. ತರಗತಿಯಲ್ಲಿ ವೃತ್ತದ ಪಾಠಕ್ಕೆ ಇದನ್ನೇ ಮಾಡಿ ತೋರಿಸುತ್ತಿದ್ದೆ.

ನಾನು: ಮೋಟರ್‌ಬೈಕಿನ ರಿಮ್ಮು 17, 18 ಇಂಚು. ಸ್ಕೂಟರಿನದು ಬಹಳ ಕಾಲ ಎರಡೂ 10 ಇಂಚೇ ಇತ್ತು. ಈಗ ಮುಂದಿನದನ್ನ 12 ಮಾಡಿದ್ದಾರೆ, ಕೆಲವದರಲ್ಲಿ ಎರಡೂ 12. ಬೈಕು ಕುಲುಕಿ ದಾಟೋ ಗುಂಡಿಯೊಳಗೆ ಸ್ಕೂಟರ್ ಪೂರ್ತಿ ಇಳಿಯುತ್ತೆ, ಹ್ಯಾಂಡಲ್ಲು ಕೈಯಿಂದ ಕಿತ್ಕೊಂಡು ಹೋಗುತ್ತೆ. ಮಳೆಗಾಲದಲ್ಲಿ ಗುಂಡಿ ತುಂಬ ನೀರು ನಿಂತಿದ್ದರೆ ಆಳ ಗೊತ್ತಾಗೋದು ಇಳಿದ ಮೇಲೇ. ಇನ್ನು ಸುಗ್ಗಿಯಲ್ಲಿ ನಮ್ಮ ಕಡೆ ರಸ್ತೆ ಮೇಲೆ ಒಕ್ಕಣೆ ಮಾಡ್ತಾರಲ್ಲ, ನೋಡಿದ್ದೀಯಾ?

ಅವಳು: ಹುರುಳಿ ಹರಡಿರ್ತಾರೆ. ಕಾರಿನಲ್ಲಿ ಹೋಗುವಾಗ ಚಂದ ಕಾಣುತ್ತೆ, ಮೆತ್ತೆ ಹಾಸಿದ ಹಾಗೆ.

ನಾನು: ಹುರುಳಿ ಸೊಪ್ಪೆಯೇ ಎಲ್ಲಕ್ಕಿಂತ ಕೆಟ್ಟದ್ದು. ಬಳ್ಳಿ ಅದು, ಸುತ್ತಿಕೊಳ್ಳುತ್ತೆ. ರೈತರನ್ನ ಬೈಯೋಕೆ ನನಗೆ ಮನಸ್ಸು ಬರಲ್ಲ, ಊರ ಕಣಗಳೆಲ್ಲ ಸೈಟು ಆಗಿ ಹೋದ ಮೇಲೆ ಅವರಾದರೂ ಎಲ್ಲಿ ಒಕ್ಕಬೇಕು? ಆದರೆ ಜನವರಿಯ ಒಂದು ಬೆಳಿಗ್ಗೆ ಇಬ್ಬನಿಯಲ್ಲಿ ನೆಂದ ಸೊಪ್ಪೆ ಮೇಲೆ ನಾನು ನಿಧಾನವಾಗೇ ಹೋದೆ. ಮುಂದಿನ ಚಕ್ರ ಅಷ್ಟಕ್ಕೇ ಪಕ್ಕಕ್ಕೆ ಜಾರಿತು. ಬಿದ್ದವಳಿಗೆ ಮೊಣಕೈ ತರಚಿತು ಅಷ್ಟೆ. ಎದ್ದು ನೋಡಿದರೆ ಹಿಂದಿನ ಚಕ್ರದ ಅಚ್ಚಿಗೆ ಸೊಪ್ಪೆ ಹಗ್ಗದ ಹಾಗೆ ಹೊಸೆದುಕೊಂಡಿತ್ತು, ಬಿಸಿ ಸೈಲೆನ್ಸರಿಗೆ ಅಂಟಿ ಹೊಗೆ ಬರ್ತಿತ್ತು. ಒಕ್ತಾ ಇದ್ದ ಹೆಂಗಸರೇ ಓಡಿಬಂದು ಕುಡುಗೋಲಿನಲ್ಲಿ ಕೊಯ್ದು ಕೊಯ್ದು ತೆಗೆದರು. ಸ್ವಲ್ಪ ತಡವಾಗಿದ್ದರೆ ಬೆಂಕಿ ಹತ್ಕೊಳ್ತಿತ್ತು ಅಂತ ಅವರೇ ಹೇಳಿದರು.

ಅವಳು: ನಂಜನಗೂಡು ರಸ್ತೆ ಹಾಗಿಲ್ಲ ಚಿಕ್ಕಮ್ಮ. ಹೆದ್ದಾರಿ, ನುಣ್ಣಗಿದೆ.

ನಾನು: ನುಣ್ಣಗಿರೋದಕ್ಕೇ ಭಯ. ಅಲ್ಲಿ ಲಾರಿ, ಬಸ್ಸು ಎಂಬತ್ತರಲ್ಲಿ ಹೋಗ್ತವೆ. ನೀನು ಐವತ್ತರಲ್ಲಿ. ಒಂದು ಬಸ್ಸು ಪಕ್ಕದಲ್ಲೇ ಹಾದುಹೋದಾಗ ಮೊದಲು ಗಾಳಿ ನಿನ್ನನ್ನ ಹೊರಕ್ಕೆ ತಳ್ಳುತ್ತೆ, ಬಸ್ಸು ಮುಂದಾದ ಕೂಡಲೇ ಒಳಕ್ಕೆ ಎಳೆಯುತ್ತೆ. ನೂರು ನೂರಹತ್ತು ಕೆಜಿಯ ಗಾಡಿ, ಪುಟ್ಟ ಚಕ್ರ, ಮುಂದೆ ಅಗಲದ ತಗಡು ಅಥವಾ ಪ್ಲಾಸ್ಟಿಕ್ಕು, ಗಾಳಿಗೆ ಮೊರ ಹಿಡಿದ ಹಾಗೆ. ಈ ರಸ್ತೆ ಕೇರಳಕ್ಕೂ ಹೋಗುತ್ತೆ, ಊಟಿಗೂ ಹೋಗುತ್ತೆ. ರಾತ್ರಿ ಒಂಬತ್ತಕ್ಕೆ ಬಂಡೀಪುರದ ಗೇಟು ಮುಚ್ಚುತ್ತೆ, 2009ರಿಂದ ಹಾಗಿದೆ. ಅಷ್ಟರೊಳಗೆ ಕಾಡು ದಾಟಬೇಕು ಅಂತ ಗಾಡಿಗಳೆಲ್ಲ ಸಂಜೆ ಏಳರ ಹೊತ್ತಿಗೆ ಹುಚ್ಚು ಅವಸರದಲ್ಲಿರ್ತವೆ.

ಅವಳು: ಅವು ಹೋಗೋದು ಆ ಕಡೆ, ನಾನು ಬರೋದು ಈ ಕಡೆ.

ನಾನು: ಮುಚ್ಚೋ ಮೊದಲು ದಾಟಿ ಬಂದವು ಈ ಕಡೆಗೇ ಬರಬೇಕಲ್ಲ. ಬ್ಯಾಂಕಿಂದ ಎಷ್ಟು ಗಂಟೆಗೆ ಬಿಡ್ತೀಯ?

ಅವಳು: ಲೆಕ್ಕ ಸರಿಹೋದರೆ ಆರೂವರೆ. ತಿಂಗಳ ಕೊನೆಯಲ್ಲಿ ಏಳೂವರೆ ಆಗಬಹುದು ಅಂದಿದ್ದಾರೆ.

ನಾನು: ಏಳೂವರೆಗೆ ಕತ್ತಲೆ. ಸ್ಕೂಟರಿನ ಹೆಡ್‌ಲೈಟು ಊರೊಳಗೆ ಸಾಕು, ಅಲ್ಲಿ ಸಾಲದು. ಎದುರುಗಡೆಯವನ ಬೆಳಕು ಕಣ್ಣಿಗೆ ರಾಚಿದಾಗ ಮೂರು ಸೆಕೆಂಡು ನಿನಗೆ ಏನೂ ಕಾಣಲ್ಲ. ಗಂಟೆಗೆ ಐವತ್ತು ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು ಹದಿನಾಲ್ಕು ಮೀಟರ್. ನಲವತ್ತೆರಡು ಮೀಟರ್ ಕಣ್ಣು ಮುಚ್ಕೊಂಡು ಓಡಿಸಿದ ಹಾಗೆ. ಅಷ್ಟರಲ್ಲಿ ಲೈಟಿಲ್ಲದ ಕಬ್ಬಿನ ಟ್ರ್ಯಾಕ್ಟರ್ ಒಂದು ನಿಂತಿದ್ದರೆ?

ಅವಳು: ಚಿಕ್ಕಮ್ಮ, ಹೆದರಿಸ್ತಾ ಇದ್ದೀಯ.

ನಾನು: ಹೌದು, ಹೆದರಿಸ್ತಿದ್ದೀನಿ. ರಿಟೈರ್ ಆಗೋ ವರ್ಷ, ಜನವರಿಯಲ್ಲಿ, ರಸ್ತೆ ಸುರಕ್ಷತೆ ಸಪ್ತಾಹಕ್ಕೆ ಮಕ್ಕಳ ಮುಂದೆ ಮಾತಾಡು ಅಂದರು. ಕೇಂದ್ರ ಸರ್ಕಾರದ ವರದಿಯಿಂದ ಅಂಕಿ ತೆಗೆದು ಬೋರ್ಡಿನ ಮೇಲೆ ಬರೆದೆ. 2022ರಲ್ಲಿ ಈ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ನೂರಕ್ಕೆ 44.5 ದ್ವಿಚಕ್ರದ ಮೇಲಿದ್ದವರು. ಎಷ್ಟಾಗುತ್ತೆ, ಗುಣಾಕಾರ ಮಾಡಿ ಅಂದೆ. ಒಂಬತ್ತನೇ ತರಗತಿ ಹುಡುಗ ಒಬ್ಬ ಎದ್ದು ಎಪ್ಪತ್ತೈದು ಸಾವಿರದ ಹತ್ರ ಮಿಸ್ ಅಂದ. ಅವನ ಅಪ್ಪ ಹಿಂದಿನ ವರ್ಷ ಟಿ. ನರಸೀಪುರ ರಸ್ತೆಯಲ್ಲಿ ಹೋಗಿದ್ದ ಅಂತ ನನಗೆ ಆಗ ಗೊತ್ತಿರಲಿಲ್ಲ. ಸ್ಟಾಫ್ ರೂಮಿಗೆ ಬಂದ ಮೇಲೆ ಹೇಳಿದರು.

ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು. ಬೀದಿಯಲ್ಲಿ ಯಾರದೋ ಗಾಡಿ ಸೆಲ್ಫ್ ಹೊಡೆದು ಹೊಡೆದು ಸ್ಟಾರ್ಟ್ ಆಗದೆ ನಿಂತಿತು.

ಅವಳು: ಬಸ್ಸಿನ ವಿಷಯ ನಾನು ಹೇಳ್ತೀನಿ, ಈಗ ನೀನು ಕೇಳು. ಟ್ರೇನಿಂಗಿಗೆ ಹದಿನೈದು ದಿನ ಬಸ್ಸಲ್ಲೇ ಹೋಗಿದ್ದೆ. ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರು ದುಡ್ಡು ಕೊಡೋ ಹಾಗಿಲ್ಲ, ಒಪ್ಪಿದೆ. ಆದರೆ ಬೆಳಿಗ್ಗೆ ಒಂಬತ್ತರ ಬಸ್ಸಿನಲ್ಲಿ ಕಾಲಿಡೋಕೆ ಜಾಗ ಇರಲ್ಲ. ಇವಳು ಬಿಟ್ಟಿ ಬರ್ತಾಳೆ ಅನ್ನೋ ಹಾಗೆ ನೋಡೋ ಕಂಡಕ್ಟರ್ ಇದ್ದಾನೆ. ನೂಕುನುಗ್ಗಲಿನಲ್ಲಿ ಯಾರ ಕೈ ಯಾವುದು ಅಂತ ಗೊತ್ತಾಗಲ್ಲ, ಎರಡು ಸಲ ನಾನು ಜೋರಾಗಿ ಕೂಗಬೇಕಾಯ್ತು. ಹುಡುಗರು ಕೈ ಕಟ್ಕೊಂಡು ನೋಡ್ತಿದ್ದರು. ರೈಲು ಇದೆ, ಅಶೋಕಪುರಂ ಸ್ಟೇಷನ್ ಮನೆಗೆ ಹತ್ರ, ಆದರೆ ಬರೋ ಹೊತ್ತು ನನ್ನ ಹೊತ್ತಿಗೆ ಕೂಡಲ್ಲ. ನಾನು ಗಾಡಿ ಕೇಳೋದು ಷೋಕಿಗೆ ಅಂದ್ಕೊಂಡಿದ್ದೀಯಾ?

ನಾನು: ಇಲ್ಲ ಕಣೇ. ಹಾಗೆ ಅಂದ್ಕೊಂಡಿದ್ದರೆ ಇಷ್ಟು ಹೊತ್ತು ಮಾತಾಡ್ತಿರಲಿಲ್ಲ. ಬಸ್ಸು ಹೀಗಿರೋದರಿಂದಲೇ ಹೆಣ್ಣುಮಕ್ಕಳು ಸಾಲ ಮಾಡಿ ಗಾಡಿ ತಗೋತಾರೆ. ನಾವು ಗಾಡಿ ತಗೊಂಡವರೆಲ್ಲ ಬಸ್ಸಿನಿಂದ ಇಳಿದು ಹೋದೆವು. ಬಸ್ಸು ಸರಿಯಾಗಿ ಬರಲಿ ಅಂತ ಡಿಪೋಗೆ ಹೋಗಿ ಕೇಳೋ ಶಕ್ತಿ, ಕಾಗದ ಬರೆಯೋ ಶಕ್ತಿ ಇದ್ದದ್ದು ನಮಗೇ, ನಾವೇ ಅದನ್ನ ಬಿಟ್ಟೆವು. ನಮ್ಮ ಶಾಲೆ ಮುಂದಿನ ಬಸ್ಸು 2011ರಲ್ಲಿ ನಿಂತುಹೋಯಿತು. ಮೇಷ್ಟ್ರುಗಳು ಎಂಟು ಜನ ಗಾಡಿಯಲ್ಲಿ ಬರ್ತಿದ್ದೆವು, ಯಾರೂ ಒಂದು ಮಾತು ಕೇಳಲಿಲ್ಲ. ಮಕ್ಕಳು ಎರಡು ಕಿಲೋಮೀಟರ್ ನಡೆಯೋಕೆ ಶುರು ಮಾಡಿದರು.

ಅವಳು: ಅದಕ್ಕೆ ಈಗ ನಾನೊಬ್ಬಳು ಬಸ್ಸಲ್ಲಿ ನಿಂತರೆ ಸರಿಹೋಗುತ್ತಾ?

ನಾನು: ಹೋಗಲ್ಲ. ನನ್ನ ಸಂಕಟ ಹೇಳಿಕೊಂಡೆ. ಸರಿ, ಗಾಡಿ ವಿಷಯಕ್ಕೆ ಬರ್ತೀನಿ. ದಾರಿಯಲ್ಲಿ ಕೆಟ್ಟರೆ ಏನು ಮಾಡ್ತೀಯ?

ಅವಳು: ಈಗಿನವು ಕೆಡಲ್ಲ. ಟೈರು ಟ್ಯೂಬ್‌ಲೆಸ್, ಪಂಕ್ಚರ್ ಆದರೂ ಅಷ್ಟು ದೂರ ಹೋಗುತ್ತೆ.

ನಾನು: ಟ್ಯೂಬ್‌ಲೆಸ್ ಬಂದದ್ದು ದೊಡ್ಡ ಉಪಕಾರ. ನನ್ನ ಹಳೇ ಗಾಡಿಯಲ್ಲಿ ಹಿಂದಿನ ಚಕ್ರ ಪಂಕ್ಚರ್ ಅಂದರೆ ಅಂಗಡಿಯವನು ಮುಖ ತಿರುಗಿಸ್ತಿದ್ದ, ಸೈಲೆನ್ಸರ್ ಬಿಚ್ಚಿದ ಮೇಲೇ ಚಕ್ರ ಹೊರಗೆ ಬರೋದು. ಸೈಲೆನ್ಸರೋ ಕಾದ ಕೆಂಡ. ನಿನ್ನ ಅಜ್ಜನ ಬಜಾಜ್ ಚೇತಕ್‌ಗೆ ಹಿಂದೆ ಸ್ಟೆಪ್ನಿ ಇರ್ತಿತ್ತು, ಅವರೇ ಪಂಚೆ ಎತ್ತಿ ಕಟ್ಟಿ ಹತ್ತು ನಿಮಿಷದಲ್ಲಿ ಚಕ್ರ ಬದಲಿಸ್ತಿದ್ದರು. ಈಗಿನದರಲ್ಲಿ ಸ್ಟೆಪ್ನಿಗೆ ಜಾಗವೇ ಇಲ್ಲ. ಪಂಕ್ಚರ್ ಹೋಗಲಿ, ಬೆಲ್ಟು ಗೊತ್ತಾ ನಿನಗೆ?

ಅವಳು: ಯಾವ ಬೆಲ್ಟು?

ನಾನು: ನೋಡು, ತಗೊಳ್ಳೋರಿಗೆ ಯಾರೂ ಹೇಳಲ್ಲ. ಗೇರಿಲ್ಲದ ಗಾಡಿಯಲ್ಲಿ ಎಂಜಿನ್ನಿನಿಂದ ಹಿಂದಿನ ಚಕ್ರದ ಕಡೆಗೆ ಶಕ್ತಿ ಹೋಗೋದು ಒಂದು ರಬ್ಬರ್ ಬೆಲ್ಟಿನ ಮೇಲೆ. ಎಡಗಡೆ ಉದ್ದದ ಡಬ್ಬಿ ಇರುತ್ತಲ್ಲ, ಅದರೊಳಗೆ ಹಿಂದೊಂದು ಮುಂದೊಂದು ಪುಲ್ಲಿ. ವೇಗ ಏರಿದ ಹಾಗೆ ಮುಂದಿನ ಪುಲ್ಲಿಯೊಳಗಿನ ರೋಲರ್‌ಗಳು ಹೊರಕ್ಕೆ ಸರಿದು ಬೆಲ್ಟನ್ನ ಮೇಲಕ್ಕೆ ಹತ್ತಿಸ್ತವೆ, ಗೇರ್ ಬದಲಾದ ಹಾಗಾಗುತ್ತೆ. ಬೆಲ್ಟು ಸವೆಯೋದು ಹೊರಗಡೆಗೆ ಕಾಣಲ್ಲ. ಇಪ್ಪತ್ತು ಇಪ್ಪತ್ತೈದು ಸಾವಿರ ಕಿಲೋಮೀಟರಿಗೆ ಬದಲಿಸಬೇಕು. ಊರೊಳಗೆ ಓಡಿಸೋರಿಗೆ ಅದು ಐದಾರು ವರ್ಷದ ಮಾತು. ನಿನ್ನ 13 ಸಾವಿರದ ಲೆಕ್ಕಕ್ಕೆ ಎರಡು ವರ್ಷ ತುಂಬೋದರೊಳಗೆ. ನನಗೆ ಯಾರೂ ಹೇಳಿರಲಿಲ್ಲ. ಒಂದು ದಿನ ಸಂಜೆ ಶಾಲೆ ಬಿಟ್ಟು ಬರ್ತಾ ವರುಣಾ ಕಾಲುವೆ ದಾಟಿದೆ, ಒಳಗೆ ಪಟ್ ಅಂತ ಒಂದು ಸದ್ದು. ಎಂಜಿನ್ ಕಿರುಚುತ್ತೆ, ಗಾಡಿ ಮುಂದಕ್ಕೆ ಹೋಗಲ್ಲ. ತಳ್ಳಿದೆ. ಬೆನ್ನಿಗೆ ಸ್ಕೂಲ್ ಬ್ಯಾಗು, ಸೀಟಿನ ಕೆಳಗೆ ಅರ್ಧವಾರ್ಷಿಕ ಪರೀಕ್ಷೆಯ ಉತ್ತರ ಪತ್ರಿಕೆ. ಎರಡೂವರೆ ಕಿಲೋಮೀಟರ್ ತಳ್ಳಿದ ಮೇಲೆ ಒಬ್ಬ ಟೆಂಪೋದವನು ನಿಲ್ಲಿಸಿ ಹತ್ತಿಸ್ಕೊಂಡ. ಪುಣ್ಯಾತ್ಮ, ದುಡ್ಡು ಮುಟ್ಟಲಿಲ್ಲ. ಆವತ್ತು ರಾತ್ರಿಯಿಂದ ಸೊಂಟ ಹಿಡ್ಕೊಂಡದ್ದು ಪೂರ್ತಿ ಬಿಟ್ಟಿಲ್ಲ.

ಅವಳು: ಈ ಸೊಂಟ ನೋವು ಅದರಿಂದಾನಾ?

ನಾನು: ಅದೊಂದರಿಂದಲೇ ಅಂತ ಹೇಳೋಕಾಗಲ್ಲ. ಪುಟ್ಟ ಚಕ್ರದ ಏಟೆಲ್ಲ ನೇರ ಬೆನ್ನಿಗೇ ಬರುತ್ತೆ. ಬೈಕಿನವನು ಮೊಣಕಾಲಿನಲ್ಲಿ ಟ್ಯಾಂಕ್ ಹಿಡಿದು ಫುಟ್‌ರೆಸ್ಟಿನ ಮೇಲೆ ಸ್ವಲ್ಪ ಎದ್ದು ಹಂಪು ದಾಟ್ತಾನೆ. ನಾವು ಕುರ್ಚಿಯಲ್ಲಿ ಕೂತ ಹಾಗೆ ಕೂತಿರ್ತೀವಿ, ಏಳೋಕಾಗಲ್ಲ. ಇನ್ನೊಂದು, ನಡಿಗೆ. ಡಾಕ್ಟರು ದಿನಾ ನಡೀರಿ ಅಂದರು. ನಾನು ಏನು ಮಾಡಿದೆ ಗೊತ್ತಾ? ಗಾಡಿಯಲ್ಲಿ ಕುಕ್ಕರಹಳ್ಳಿ ಕೆರೆಗೆ ಹೋಗಿ, ಗೇಟಿನ ಹತ್ರ ನಿಲ್ಲಿಸಿ, ಕೆರೆ ಸುತ್ತ ನಡೆದು, ಗಾಡಿಯಲ್ಲೇ ವಾಪಸು ಬರ್ತಿದ್ದೆ. ಮೂಲೆ ಅಂಗಡಿಯಿಂದ ಕೊತ್ತಂಬರಿ ಸೊಪ್ಪು ತರೋಕೂ ಕೀ ತಗೋತಿದ್ದೆ. ನಲವತ್ತಕ್ಕೆ ನನ್ನ ಕಾಲು ಮರೆತಿದ್ದನ್ನ ಅರವತ್ತಕ್ಕೆ ಮತ್ತೆ ಕಲಿಸ್ತಾ ಇದ್ದೀನಿ.

ಅವಳು: ಅದು ಗಾಡಿ ತಪ್ಪಾ?

ನಾನು: ಗಾಡಿ ಏನೂ ತಪ್ಪು ಮಾಡಿಲ್ಲಮ್ಮ. ಬೀದಿಗಳಲ್ಲಿ ಎರಡು ಮೂರು ಕಿಲೋಮೀಟರ್ ಓಡಾಡಲಿ ಅಂತ ಮಾಡಿದ ಗಾಡಿ ಅದು, ಅದಕ್ಕೆ ಅದು ಚೆನ್ನಾಗಿದೆ. ನಿನ್ನ ಅಜ್ಜ ಹೆಸರು ಬರೆಸಿ ವರ್ಷಗಟ್ಟಲೆ ಕಾದು ತಂದ ಚೇತಕ್ಕಿನಲ್ಲಿ ಆಫೀಸಿಗೆ ಹೋಗ್ತಿದ್ದರು, ಮಾರ್ಕೆಟ್ಟಿಗೆ ಹೋಗ್ತಿದ್ದರು. ನಂಜನಗೂಡಿನ ತೇರಿಗೆ ಮಾತ್ರ ನಮ್ಮನ್ನ ರೈಲಿನಲ್ಲೇ ಕರ್ಕೊಂಡು ಹೋಗೋರು. ಆಗ ಮೀಟರ್ ಗೇಜ್, ಕಿಟಕಿಯಿಂದ ಕಪಿಲಾ ನದಿ ಕಂಡ ಕೂಡಲೇ ನಿನ್ನ ಅಮ್ಮ ಕೈಮುಗೀತಿದ್ದಳು. ಸ್ಕೂಟರ್ ಇದೆಯಲ್ಲ ಅಪ್ಪ ಅಂತ ನಾನೇ ಒಂದ್ಸಲ ಕೇಳಿದ್ದೆ. ಅದು ಊರಿಗೆ ಅಂದರು, ಅಷ್ಟೇ. ಆ ಮಾತು ನಾನು ಮರೆತೆ. ಇದೆ ಅನ್ನೋ ಒಂದೇ ಕಾರಣಕ್ಕೆ ಎಲ್ಲಾ ಕೆಲಸ ಅದರ ಮೇಲೆ ಹೇರಿದೆ. ಮನೆಯವರು ನನ್ನ ಮೇಲೆ ಹೇರಿದರು.

ಅವಳು: ನಿನ್ನ ಮೇಲಾ?

ನಾನು: ಗಾಡಿ ಬರೋ ಮೊದಲು ಅಕ್ಕಿ ತರ್ತಿದ್ದವರು ನಿನ್ನ ಚಿಕ್ಕಪ್ಪ. ಮಾವನವರನ್ನ ಆಸ್ಪತ್ರೆಗೆ ಆಟೋದಲ್ಲಿ ಕರ್ಕೊಂಡು ಹೋಗ್ತಿದ್ದವರೂ ಅವರೇ. ಗಾಡಿ ಬಂದು ಆರು ತಿಂಗಳಾಗಿರಲಿಲ್ಲ, 'ಹೇಗಿದ್ದರೂ ನೀನು ಆ ಕಡೆಯಿಂದಲೇ ಬರ್ತೀಯಲ್ಲ' ಅನ್ನೋ ಮಾತು ಶುರುವಾಯ್ತು. ಕರೆಂಟ್ ಬಿಲ್ಲು, ಗಿರಣಿ, ಟೈಲರು, ನೆಂಟರನ್ನ ಬಸ್‌ಸ್ಟ್ಯಾಂಡಿಂದ ಕರ್ಕೊಂಡು ಬರೋದು. ಕಾಲಿಡೋ ಜಾಗದಲ್ಲಿ ಇಪ್ಪತ್ತೈದು ಕೆಜಿ ಅಕ್ಕಿ ಮೂಟೆ. ಒಂದ್ಸಲ ಗ್ಯಾಸ್ ಸಿಲಿಂಡರ್ ಕೂಡ, ತುಂಬಿದ್ದು, ಮೂವತ್ತು ಕೆಜಿ ಹತ್ರ. ಎರಡು ಕಾಲೂ ಹೊರಗೆ ಚಾಚ್ಕೊಂಡು ಓಡಿಸಿದೆ. ಒಳಗಿನ ಅಡುಗೆ ಪಾತ್ರೆ ಮೊದಲಿಂದಲೂ ನನ್ನದು, ಹೊರಗಿನದೂ ನನ್ನದಾಯ್ತು. ಹೊರಗೆ ಹೋಗೋಕೆ ಯಾರನ್ನೂ ಕೇಳಬೇಕಾಗಿಲ್ಲ ಅಂತ ಸಂತೋಷಪಟ್ಟವಳು, ಮನೆಯಲ್ಲಿ ಒಂದು ಗಳಿಗೆ ಕೂರೋಕೆ ಎಲ್ಲರನ್ನೂ ಕೇಳೋ ಹಾಗಾಯ್ತು. ನಾಳೆ ನಿನ್ನ ಮದುವೆ ಆಗುತ್ತೆ, ಗಾಡಿ ಇರೋ ಸೊಸೆ. ನೆನಪಿಟ್ಕೋ.

ಅವಳು: ನಾನು ಇಲ್ಲ ಅಂತೀನಿ.

ನಾನು: ಅನ್ನು. ನಿನ್ನ ಕಾಲದವರು ಅನ್ನಲೇಬೇಕು. ನನಗೆ ಬಾಯಿ ಬರಲಿಲ್ಲ. ಬಂದಿದ್ದರೆ ಆವತ್ತು ನನ್ನ ಮಗಳನ್ನ, ನಿಮ್ಮ ಅಕ್ಕನನ್ನ, ಮುಂದೆ ನಿಲ್ಲಿಸ್ಕೊಂಡು ಹೋಗ್ತಿರಲಿಲ್ಲ.

ಅವಳು: ಯಾವತ್ತು?

ಇದನ್ನು ಅವಳಿಗೆ ಹೇಳಬೇಕು ಅಂದುಕೊಂಡಿರಲಿಲ್ಲ. ನಾಲಿಗೆಯ ತುದಿಗೆ ಬಂದ ಮೇಲೆ ನುಂಗಲು ಆಗಲಿಲ್ಲ.

ನಾನು: ಅಕ್ಕನ ಗಲ್ಲದ ಕೆಳಗೆ ಒಂದು ಗೀರು ಇದೆಯಲ್ಲ.

ಅವಳು: ಉಯ್ಯಾಲೆಯಿಂದ ಬಿದ್ದಾಗ ಆಗಿದ್ದು ಅಲ್ವಾ?

ನಾನು: ಹಾಗಂತ ನಾನೇ ಎಲ್ಲರಿಗೂ ಹೇಳಿದ್ದು. 2003. ಅವಳಿಗೆ ನಾಲ್ಕು ವರ್ಷ. ಆ ವಯಸ್ಸಿನ ಮಕ್ಕಳಿಗೆ ಸ್ಕೂಟರಿನ ಮುಂದೆ ನಿಲ್ಲೋದೇ ಹಬ್ಬ, ಎರಡು ಕನ್ನಡಿಯ ಕಂಬ ಹಿಡ್ಕೊಂಡು ತಾನೇ ಓಡಿಸೋ ಹಾಗೆ. ಹಿಂದೆ ನಮ್ಮತ್ತೆ ಕೂತಿದ್ದರು, ತರಕಾರಿ ಚೀಲ ಬೇರೆ. ನಮ್ಮ ಬೀದಿ ತಿರುವಿನಲ್ಲೇ ಹಿಂದಿನ ದಿನ ಯಾರೋ ಹೊಸ ಹಂಪು ಹಾಕಿಸಿದ್ದರು, ಬಿಳಿ ಬಣ್ಣ ಬಳಿದಿರಲಿಲ್ಲ, ಮುಸ್ಸಂಜೆ. ಕೊನೇ ಗಳಿಗೆಯಲ್ಲಿ ಕಂಡು ಬ್ರೇಕ್ ಹಿಡಿದೆ. ನಾನು ಬೀಳಲಿಲ್ಲ, ಅತ್ತೆ ಬೀಳಲಿಲ್ಲ, ಗಾಡಿಗೆ ಒಂದು ಗೀರೂ ಆಗಲಿಲ್ಲ. ಮಗುವಿನ ಗಲ್ಲ ಮಾತ್ರ ಹೋಗಿ ಮೀಟರಿನ ಅಂಚಿಗೆ ಬಡೀತು. ಅಳಲಿಲ್ಲ ಅವಳು. ತಿರುಗಿ ನನ್ನ ಮುಖ ನೋಡಿದಳು, ಅಮ್ಮ ಯಾಕೆ ಹೀಗೆ ಮಾಡಿದಳು ಅನ್ನೋ ಹಾಗೆ. ಬಿಳಿ ಫ್ರಾಕಿನ ಮುಂದೆಲ್ಲ ರಕ್ತ. ನಾಲ್ಕು ಹೊಲಿಗೆ. ನಾನು ಕುಡಿದಿರಲಿಲ್ಲ, ಜೋರಾಗಿ ಹೋಗಿರಲಿಲ್ಲ, ಇಪ್ಪತ್ತೈದು ಕಿಲೋಮೀಟರ್ ವೇಗ ಅಷ್ಟೇ. ಈಗ ನಾಲ್ಕು ವರ್ಷದ ಒಳಗಿನ ಮಕ್ಕಳಿಗೆ ಹೆಲ್ಮೆಟ್ ಇರಬೇಕು, ಓಡಿಸೋರಿಗೆ ಬೆಲ್ಟಿನಲ್ಲಿ ಕಟ್ಟಿರಬೇಕು, ನಲವತ್ತು ದಾಟಬಾರದು ಅಂತ ನಿಯಮ ಬಂದಿದೆ. ಆದರೂ ನಮ್ಮ ಬೀದಿಯ ಶಾಲೆ ಮುಂದೆ ಬೆಳಿಗ್ಗೆ ಹೋಗಿ ನಿಂತು ನೋಡು, ಎಷ್ಟು ಮಕ್ಕಳು ಮುಂದೆ ನಿಂತ್ಕೊಂಡೇ ಬರ್ತವೆ. ನನಗೆ ಪ್ರತಿ ಸಲ ಕೂಗಿ ನಿಲ್ಲಿಸಬೇಕು ಅನ್ನಿಸುತ್ತೆ. ಎಷ್ಟೋ ಸಲ ನಿಲ್ಲಿಸಿದ್ದೀನಿ ಕೂಡ.

ಅವಳು: ಅಕ್ಕನಿಗೆ ಗೊತ್ತಾ?

ನಾನು: ಗೊತ್ತು. ಅವಳು ಗಾಡಿ ಕಲೀಲೇ ಇಲ್ಲ, ನೋಡಿದ್ದೀಯಲ್ಲ. ಕಾರಣ ಕೇಳಿದರೆ ಇಷ್ಟ ಇಲ್ಲ ಅಂತಾಳೆ.

ಅವಳು ಬಣ್ಣದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

ಅವಳು: ಚಿಕ್ಕಮ್ಮ, ನಾನು ಎರಡು ಸಾವಿರ ಅಡ್ವಾನ್ಸ್ ಕೊಟ್ಟಿದ್ದೀನಿ.

ನಾನು: ಕೊಟ್ಟಿದ್ದರೆ ಕೊಟ್ಟಿರು. ತಗೋಬೇಡ ಅಂತ ಹೇಳೋ ಅಧಿಕಾರ ನನಗಿಲ್ಲ, ನಿನ್ನ ದುಡಿಮೆ, ನಿನ್ನ ಗಾಡಿ. ಮನೆಯಿಂದ ಬಸ್‌ಸ್ಟ್ಯಾಂಡಿಗೆ ಓಡಿಸು, ಅಂಗಡಿಗೆ, ಸಂಗೀತದ ಕ್ಲಾಸಿಗೆ ಓಡಿಸು. ಐಎಸ್‌ಐ ಗುರುತಿರೋ, ಮುಖ ಪೂರ್ತಿ ಮುಚ್ಚೋ ಹೆಲ್ಮೆಟ್ ತಗೋ, ಈ ಬಟ್ಟಲು ಕವಿಚಿದ ಹಾಗಿರೋದು ಬೇಡ, ಗಲ್ಲದ ಪಟ್ಟಿ ಹಾಕದೆ ಗೇಟು ದಾಟಬೇಡ. ದುಪಟ್ಟಾ ಎರಡೂ ತುದಿ ಸೊಂಟಕ್ಕೆ ಕಟ್ಟು. ಹಿಂದಿನ ಚಕ್ರದ ಪಕ್ಕ ಸೀರೆ ಗಾರ್ಡ್ ಇದೆಯಾ ನೋಡಿ ತಗೋ, ಅಂದ ಕೆಡುತ್ತೆ ಅಂತ ಬಿಚ್ಚಿಸಬೇಡ. ಆ ಹೆದ್ದಾರಿ ಒಂದರ ವಿಷಯ ಮಾತ್ರ ಇನ್ನೂ ತೀರ್ಮಾನ ಮಾಡಬೇಡ.

ಅವಳು: ಯಾವಾಗ ತೀರ್ಮಾನ ಮಾಡಲಿ?

ನಾನು: ನಾಳೆ ನಿನಗೆ ಬ್ಯಾಂಕಿದೆ. ಸಂಜೆ ನಾನು ಮೈಸೂರಿಂದ ಬಸ್ಸಲ್ಲಿ ನಂಜನಗೂಡಿಗೆ ಬರ್ತೀನಿ. ಏಳೂವರೆಗೆ ಇಬ್ಬರೂ ಒಟ್ಟಿಗೆ ವಾಪಸು ಬಸ್ಸು ಹತ್ತೋಣ, ಎಡಗಡೆ ಮುಂದಿನ ಸೀಟು ಸಿಗೋ ತನಕ ಎರಡು ಬಸ್ಸು ಬಿಟ್ಟರೂ ಪರವಾಗಿಲ್ಲ. ಸೇತುವೆ ದಾಟಿದ ಮೇಲೆ ಕಿಟಕಿಯಿಂದ ರಸ್ತೆಯ ಎಡ ಅಂಚನ್ನೇ ನೋಡ್ತಾ ಬಾ. ಡಾಂಬರು ಎಲ್ಲಿ ಮುಗಿದಿದೆ, ಮಣ್ಣಿಗೆ ಎಷ್ಟು ಇಳಿಜಾರಿದೆ, ಎಲ್ಲಿ ಜಲ್ಲಿ ಸುರಿದಿದ್ದಾರೆ, ಎಷ್ಟು ಟ್ರ್ಯಾಕ್ಟರ್ ನಿಂತಿದೆ, ಎದುರುಗಡೆಯಿಂದ ಎಷ್ಟು ಬೈಕು ತಪ್ಪು ದಿಕ್ಕಿನಲ್ಲಿ ಬರ್ತವೆ. ಒಂದು ಚೀಟಿಯಲ್ಲಿ ಗೀಟು ಹಾಕು. ನೀನು ದಿನಾ ಓಡಿಸಬೇಕಾದ್ದು ಆ ಅಂಚಿನ ಮೇಲೆ. ನಡುವಿನ ರಸ್ತೆ ಅವರದು.

ಅವಳು: ಪೆನ್ನು ಚೀಟಿ ನಾನು ತರ್ತೀನಿ. ಟಿಕೆಟ್ಟಿಗೆ ಆಧಾರ್ ಕಾರ್ಡ್ ಬೇಕು, ಮರೀಬೇಡ.

ನಾನು: ಪರ್ಸಿನಲ್ಲೇ ಇದೆ. ಏಳೂಕಾಲಿಗೆ ನಿಮ್ಮ ಬ್ಯಾಂಕಿನ ಮೆಟ್ಟಿಲ ಹತ್ರ ಇರ್ತೀನಿ.